ಮೀನು ಹೇಳುವ ಸಾಕ್ಷಿ

ನಮ್ಮ ಹಳೆಯ ಮನೆಗಳ ಹಿತ್ತಲಲ್ಲಿ ಒಂದು ಬಾವಿ ಇರುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಬೇಸಗೆಯಲ್ಲಿ ಬಾವಿಯ ಹೂಳೆತ್ತಿಸಿ, ಮಳೆ ಬಂದು ಹೊಸ ನೀರು ತಿಳಿಯಾದ ಮೇಲೆ, ಮನೆಯ ಹಿರಿಯರು ಕೆರೆಯಿಂದ ನಾಲ್ಕಾರು ಸಣ್ಣ ಮೀನುಗಳನ್ನು ತಂದು ಅದರೊಳಕ್ಕೆ ಬಿಡುತ್ತಿದ್ದರು. ಸೊಳ್ಳೆಯ ಮರಿಗಳನ್ನು ಅವು ತಿಂದುಹಾಕಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೆಳಗ್ಗೆ ಬಿಂದಿಗೆ ಹಿಡಿದು ಹೋದವರು ಹಗ್ಗ ಇಳಿಸುವುದಕ್ಕೆ ಮೊದಲು ಒಮ್ಮೆ ಬಗ್ಗಿ ನೋಡುವರು. ಮೀನು ಓಡಾಡುತ್ತಿದ್ದರೆ ಮನಸ್ಸಿಗೆ ನೆಮ್ಮದಿ. ಹೊಟ್ಟೆ ಮೇಲೆಮಾಡಿ ತೇಲುತ್ತಿದ್ದರೆ ಅಂದು ನೀರು ಸೇದುವುದಿಲ್ಲ. ಹಿರಿಯರನ್ನು ಕರೆದು ತೋರಿಸುವರು. ನೀರಿನ ಒಳ್ಳೆಯದು ಕೆಟ್ಟದ್ದಕ್ಕೆ ಮೀನೇ ಸಾಕ್ಷಿ.

ಇಂದು ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿರುವುದೂ ಹೆಚ್ಚುಕಡಿಮೆ ಇದೇ ಕೆಲಸ. ಹೊಸದಾಗಿ ಒಂದು ವಸ್ತು ಹುಟ್ಟಿತೆಂದರೆ, ಅದು ಹೊಳೆಗೆ ಸೇರಿದರೆ ಏನಾದೀತು ಎಂದು ತಿಳಿಯಲು ಗಾಜಿನ ತೊಟ್ಟಿಯಲ್ಲಿ ಮೀನು ಬಿಟ್ಟು, ಆ ವಸ್ತುವನ್ನು ಅಳತೆಮಾಡಿ ನೀರಿಗೆ ಸೇರಿಸಿ, ಕಾದು ನೋಡುತ್ತಾರೆ. ಆದರೆ ಮೀನು ಸಾಕ್ಷಿ ಹೇಳಿದರೆ ಸಾಲದು. ಆ ಸಾಕ್ಷಿಯನ್ನು ಸರಿಯಾಗಿ ಕೇಳಿಸಿಕೊಳ್ಳುವ ವಿವೇಕವೂ ಬೇಕು. ಕೇಳಿಸಿಕೊಳ್ಳುವಲ್ಲಿ ತಪ್ಪಿದರೆ ನಿರಪರಾಧಿಗೆ ಶಿಕ್ಷೆಯಾಗಬಹುದು, ಅಪರಾಧಿ ತಪ್ಪಿಸಿಕೊಳ್ಳಬಹುದು. ಇಂಗಾಲದ ನ್ಯಾನೋ ವಸ್ತುಗಳೆಂಬ ಹೊಸ ಪದಾರ್ಥಗಳ ವಿಷಯದಲ್ಲಿ ನಡೆದ ಅಂಥ ಒಂದು ವಿಚಾರಣೆಯ ಕಥೆಯನ್ನು ನಿಮ್ಮ ಮುಂದೆ ಇಡಬೇಕೆಂದು ನನ್ನ ಆಸೆ.

ಇಂಗಾಲ ನಮಗೆ ಹೊಸದಲ್ಲ. ಒಲೆಯ ಇದ್ದಿಲು ಇಂಗಾಲ. ಮಕ್ಕಳ ಪೆನ್ಸಿಲ್ಲಿನ ಸೀಸವೆಂದು ನಾವು ಕರೆಯುವ ಗ್ರಾಫೈಟು ಇಂಗಾಲ. ಮೂಗುಬೊಟ್ಟಿನ ವಜ್ರವೂ ಇಂಗಾಲವೇ. ಹರಳೆಣ್ಣೆಯ ದೀಪ ಹಚ್ಚಿ, ಮೇಲೆ ತಟ್ಟೆ ಬೋರಲು ಹಾಕಿ, ಅದಕ್ಕೆ ಹತ್ತಿದ ಮಸಿಯನ್ನು ಕೆರೆದು ಬೆಣ್ಣೆಯಲ್ಲಿ ಕಲಸಿ ಕೂಸಿನ ಕಣ್ಣಿಗೆ ಕಾಡಿಗೆ ಮಾಡುತ್ತಿದ್ದ ಅಜ್ಜಿಯ ಕೈಯಲ್ಲಿದ್ದುದೂ ಇಂಗಾಲದ ಅತಿ ಸೂಕ್ಷ್ಮ ಪುಡಿಯೇ. ಪರಮಾಣು ಒಂದೇ, ಅವು ಕೈಕೈ ಹಿಡಿದುಕೊಂಡ ರೀತಿ ಬೇರೆ ಬೇರೆ. ಅದರಿಂದಲೇ ಒಂದು ಮೆತ್ತಗೆ, ಇನ್ನೊಂದು ಗಟ್ಟಿ. ಒಂದು ಕಪ್ಪು, ಇನ್ನೊಂದು ಹೊಳಪು.

1985ರವರೆಗೆ ಇಂಗಾಲದ ಮುಖ್ಯ ರೂಪಗಳೆಲ್ಲ ತಿಳಿದುಹೋಗಿವೆ ಎಂದೇ ಬಹುಮಂದಿ ನಂಬಿದ್ದರು. ಆ ವರ್ಷ ಅಮೆರಿಕದ ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾನಿಲಯದಲ್ಲಿ ಹೆರಾಲ್ಡ್ ಕ್ರೋಟೊ, ರಾಬರ್ಟ್ ಕರ್ಲ್, ರಿಚರ್ಡ್ ಸ್ಮಾಲಿ ಮತ್ತು ಅವರ ಸಂಗಡಿಗರು ಗ್ರಾಫೈಟಿನ ಮೇಲೆ ಲೇಸರ್ ಕಿರಣ ಹಾಯಿಸಿದಾಗ, ಅರವತ್ತು ಇಂಗಾಲದ ಪರಮಾಣುಗಳು ಸೇರಿ ಟೊಳ್ಳಾದ ಒಂದು ಗುಂಡು ಆಗಿರುವುದು ಕಂಡಿತು. ಕಾಲ್ಚೆಂಡಿನ ಹೊಲಿಗೆಯನ್ನು ನೋಡಿರುತ್ತೀರಿ: ಹನ್ನೆರಡು ಐದು ಮೂಲೆಯ ತುಂಡುಗಳು, ಇಪ್ಪತ್ತು ಆರು ಮೂಲೆಯ ತುಂಡುಗಳು. ಈ ಅಣುವಿನ ರಚನೆಯೂ ಥೇಟು ಹಾಗೆಯೇ. ಅಂಥ ಗುಮ್ಮಟಗಳನ್ನು ಕಟ್ಟಿದ ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ಶಿಲ್ಪಿಯ ಹೆಸರಿನಿಂದ ಇದನ್ನು ಫುಲರೀನ್ ಎಂದು ಕರೆದರು. ಈ ಶೋಧಕ್ಕಾಗಿ ಆ ಮೂವರಿಗೆ 1996ರಲ್ಲಿ ನೊಬೆಲ್ ಪಾರಿತೋಷಕ ಬಂತು. 1991ರಲ್ಲಿ ಜಪಾನಿನ ಸುಮಿಯೊ ಈಜಿಮ ಎಂಬವರು ಇಂಗಾಲದ ಅತಿ ಸಣ್ಣ ಕೊಳವೆಗಳನ್ನು ವರ್ಣಿಸಿದರು. ಇವು ನ್ಯಾನೋ ಕೊಳವೆಗಳು. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟಿನ ಪದರ ಕಿತ್ತು ಕಿತ್ತು, ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆಯನ್ನು ಪಡೆದರು, ಇದು ಗ್ರಾಫೀನ್. ಅವರಿಗೂ 2010ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗುಂಡು, ಕೊಳವೆ, ಹಾಳೆ, ಈ ಮೂರೂ ಒಂದೇ ಕುಲದ ಮಕ್ಕಳು.

ನ್ಯಾನೋಮೀಟರ್ ಎಂದರೆ ಎಷ್ಟು? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಒಂಟಿ ಗೋಡೆಯ ಇಂಗಾಲದ ಕೊಳವೆಯ ದಪ್ಪ ಒಂದೆರಡು ನ್ಯಾನೋಮೀಟರ್ ಮಾತ್ರ.

ಈ ಕೊಳವೆಗಳಿಗೂ ನಮ್ಮ ನಾಡಿಗೂ ಒಂದು ಹಳೆಯ ನಂಟು ಉಂಟೆಂದರೆ ನಿಮಗೆ ಆಶ್ಚರ್ಯವಾಗಬಹುದು. ದಕ್ಷಿಣ ಭಾರತದ ಕುಲುಮೆಗಳಲ್ಲಿ ಮೂಸೆಯೊಳಗೆ ಕಬ್ಬಿಣ, ಸೌದೆ, ಎಲೆಗಳನ್ನಿಟ್ಟು ಕಾಯಿಸಿ ತೆಗೆಯುತ್ತಿದ್ದ ಉಕ್ಕು ಒಂದು ಕಾಲಕ್ಕೆ ಪರದೇಶಗಳಿಗೆ ಹೋಗುತ್ತಿತ್ತು. ಇಂಗ್ಲಿಷಿನವರು ಅದನ್ನು ‘ವೂಟ್ಸ್’ ಎಂದರು. ನಮ್ಮ ‘ಉಕ್ಕು’ ಎಂಬ ಮಾತೇ ಹಾಗೆ ತಿರುಗಿರಬೇಕೆಂದು ಬಲ್ಲವರು ಹೇಳುತ್ತಾರೆ. ಡಮಾಸ್ಕಸಿನ ಹೆಸರಾಂತ ಕತ್ತಿಗಳು ಈ ಬಗೆಯ ಉಕ್ಕಿನವು. ಹದಿನೇಳನೆಯ ಶತಮಾನದ ಅಂಥ ಒಂದು ಕತ್ತಿಯ ಚೂರನ್ನು ಪರೀಕ್ಷಿಸಿದ ಜರ್ಮನಿಯ ಡ್ರೆಸ್ಡೆನ್ನಿನ ವಿಜ್ಞಾನಿಗಳು, ಅದರೊಳಗೆ ಇಂಗಾಲದ ನ್ಯಾನೋ ಕೊಳವೆಗಳು ಕಂಡವೆಂದು 2006ರಲ್ಲಿ ಪ್ರಕಟಿಸಿದರು. ಕುಲುಮೆಯವನಿಗೆ ಅದರ ಹೆಸರು ಗೊತ್ತಿರಲಿಲ್ಲ. ಕೈಯ ಹದ ಗೊತ್ತಿತ್ತು.

ಆ ಕತ್ತಿಯಲ್ಲಿ ಕೊಳವೆ ಉಕ್ಕಿನೊಳಗೆ ಸಿಕ್ಕಿಕೊಂಡು ಭದ್ರವಾಗಿ ಕುಳಿತಿತ್ತು. ಈಗ ಹಾಗಲ್ಲ. ವಿದ್ಯುತ್ ಕೋಶಗಳಲ್ಲಿ, ಹಗುರವಾದ ಗಟ್ಟಿ ಪ್ಲಾಸ್ಟಿಕ್ಕುಗಳಲ್ಲಿ, ಆಟದ ಬ್ಯಾಟುಗಳಲ್ಲಿ, ಬಣ್ಣಗಳಲ್ಲಿ ಇವುಗಳನ್ನು ಬಳಸುತ್ತಾರೆ. ಕಾರಖಾನೆಗಳಲ್ಲಿ ಪುಡಿಯ ರೂಪದಲ್ಲಿ ತಯಾರಾಗುತ್ತವೆ. ತಯಾರಾದದ್ದು ತೊಳೆಯುವಾಗಲೋ, ಸವೆಯುವಾಗಲೋ, ಕಸಕ್ಕೆ ಹೋದಮೇಲೋ ಒಂದಿಷ್ಟು ನೀರನ್ನು ಸೇರದೆ ಇರದು.

ಸೇರಿದರೆ ಏನು ಮಹಾ, ಮಸಿಯೇ ತಾನೆ ಎಂದು ನೀವು ಕೇಳಬಹುದು. ಒಂದು ಬೆಲ್ಲದ ಅಚ್ಚನ್ನು ಹಾಗೆಯೇ ನೀರಿಗೆ ಹಾಕಿ, ಇನ್ನೊಂದನ್ನು ಕುಟ್ಟಿ ಪುಡಿಮಾಡಿ ಹಾಕಿ ನೋಡಿ. ಪುಡಿ ಬೇಗ ಕರಗುತ್ತದೆ; ಏಕೆಂದರೆ ನೀರು ಮುಟ್ಟುವ ಹೊರಮೈ ಹೆಚ್ಚಿತು. ವಸ್ತುವನ್ನು ಸಣ್ಣದು ಮಾಡಿದಷ್ಟೂ ಹೊರಮೈ ಬೆಳೆಯುತ್ತದೆ. ಒಂಟಿ ಗೋಡೆಯ ನ್ಯಾನೋ ಕೊಳವೆಗಳನ್ನು ಬಿಡಿಬಿಡಿಯಾಗಿ ಹರಡಿದರೆ, ಒಂದು ಗ್ರಾಮಿನ ಹೊರಮೈ ಲೆಕ್ಕಕ್ಕೆ ಸುಮಾರು 1300 ಚದರ ಮೀಟರ್, ಅಂದರೆ ಹದಿಮೂರು ಗುಂಟೆಯಷ್ಟು ನೆಲ. ಚಿಟಿಕೆ ಪುಡಿಯಲ್ಲಿ ಒಂದು ಸಣ್ಣ ತೋಟದಷ್ಟು ಮೈ! ಜೀವಕೋಶಗಳ ಜೊತೆ ಅದರ ವ್ಯವಹಾರವೂ ಅಷ್ಟೇ ಹೆಚ್ಚು.

ಆಕಾರವೂ ಮುಖ್ಯ. ಕಲ್ನಾರನ್ನು ಜಗತ್ತು ಬಹುಕಾಲ ಬಳಸಿ, ಅದರ ಸೂಜಿಯಂಥ ಎಳೆಗಳು ಪುಪ್ಪುಸಕ್ಕೆ ಎಷ್ಟು ಕೆಡುಕೆಂದು ಆಮೇಲೆ ಕಲಿಯಿತು. ಕಲಿತ ಪಾಠಕ್ಕೆ ತೆತ್ತ ಬೆಲೆ ಗಣಿಯವರ, ಕೂಲಿಯವರ ಪ್ರಾಣ. 2008ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದ ಸಂಶೋಧಕರು ಮತ್ತವರ ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಉದ್ದವಾದ ನೆಟ್ಟಗಿನ ನ್ಯಾನೋ ಕೊಳವೆಗಳು ಹೊಟ್ಟೆಯ ಒಳಪೊರೆಯಲ್ಲಿ ಕಲ್ನಾರಿನಂಥ ಉರಿಯೂತ ತಂದವು. ಗಿಡ್ಡವೂ ಸಿಕ್ಕುಗಟ್ಟಿದವೂ ಆದ ಕೊಳವೆಗಳು ಹಾಗೆ ಮಾಡಲಿಲ್ಲ. ಬಳಸಿದ ಮೇಲೆ ಅಳುವುದಕ್ಕಿಂತ ಬಳಸುವ ಮೊದಲೇ ಪರೀಕ್ಷಿಸುವುದು ಮೇಲೆಂಬುದಕ್ಕೆ ಬೇರೆ ನಿದರ್ಶನ ಬೇಡ.

ನೀರಿನ ವಿಷಯಕ್ಕೆ ಬಂದರೆ ಮೀನಿಗಿಂತ ತಕ್ಕ ಸಾಕ್ಷಿ ಇಲ್ಲ. ನಾವು ಗಾಳಿಯನ್ನು ಒಳಕ್ಕೆಳೆದುಕೊಂಡು ಉಸಿರಾಡುವಂತೆ ಮೀನು ನೀರನ್ನು ಬಾಯಿಂದ ಸೆಳೆದು ಕಿವಿರುಗಳ ಮೇಲೆ ಹಾಯಿಸಿ ಆಮ್ಲಜನಕ ಪಡೆಯುತ್ತದೆ. ಕಿವಿರಿನ ಪೊರೆ ಬಹಳ ತೆಳು. ಒಳಗೆ ರಕ್ತ, ಹೊರಗೆ ಹೊಳೆಯ ನೀರು. ನೀರಿನಲ್ಲಿ ಏನಿದ್ದರೂ ಹಗಲೂ ರಾತ್ರಿ ಆ ಪೊರೆಯನ್ನು ಮುಟ್ಟಿಯೇ ಹೋಗಬೇಕು.

ಪರೀಕ್ಷೆಯ ಕ್ರಮ ಹೀಗೆ. ಒಂದೇ ವಯಸ್ಸಿನ, ಒಂದೇ ಜಾತಿಯ ಮೀನುಗಳನ್ನು ಹಲವು ತೊಟ್ಟಿಗಳಲ್ಲಿ ಹಂಚಿಬಿಡುತ್ತಾರೆ. ಒಂದು ತೊಟ್ಟಿಯಲ್ಲಿ ವಸ್ತು ಸ್ವಲ್ಪ, ಇನ್ನೊಂದರಲ್ಲಿ ಅದಕ್ಕಿಂತ ಹೆಚ್ಚು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಒಂದು ತೊಟ್ಟಿಯಲ್ಲಿ ಮಾತ್ರ ಬರಿಯ ಒಳ್ಳೆಯ ನೀರು. ಅಂತರರಾಷ್ಟ್ರೀಯವಾಗಿ ಒಪ್ಪಿದ ಕ್ರಮದಲ್ಲಿ 96 ಗಂಟೆ, ಎಂದರೆ ನಾಲ್ಕು ದಿನ ನೋಡುತ್ತಾರೆ. ಎಷ್ಟು ಪ್ರಮಾಣಕ್ಕೆ ಅರ್ಧದಷ್ಟು ಮೀನುಗಳು ಸಾಯುವುವೋ ಅದನ್ನು ಆ ವಸ್ತುವಿನ ವಿಷದ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಸಾಯದಿದ್ದರೂ ಉಸಿರಿನ ವೇಗ, ಈಜುವ ರೀತಿ, ಒಳ ಅಂಗಗಳ ಸ್ಥಿತಿ ಇವನ್ನೆಲ್ಲ ಬರೆದಿಡುತ್ತಾರೆ.

ಇನ್ನು ನಮ್ಮ ವಿಚಾರಣೆಗೆ ಬರೋಣ. 2004ರಲ್ಲಿ ಅಮೆರಿಕದ ಟೆಕ್ಸಾಸಿನ ಸದರ್ನ್ ಮೆಥೊಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿದ್ದ ಇವಾ ಓಬರ್‌ಡಾರ್ಸ್ಟರ್ ಎಂಬ ವಿದ್ವಾಂಸೆ, ಲಾರ್ಜ್‌ಮೌತ್ ಬಾಸ್ ಎಂಬ ಮೀನಿನ ಮರಿಗಳನ್ನು ಫುಲರೀನ್ ಬೆರೆತ ನೀರಿನಲ್ಲಿ 48 ಗಂಟೆ ಇಟ್ಟು ನೋಡಿದರು. ಪ್ರಮಾಣ ಒಂದು ಲೀಟರಿಗೆ ಅರ್ಧ ಮಿಲಿಗ್ರಾಂ, ಮತ್ತು ಒಂದು ಮಿಲಿಗ್ರಾಂ. ಒಂದು ಅಕ್ಕಿಕಾಳಿನ ತೂಕ ಸುಮಾರು 20 ಮಿಲಿಗ್ರಾಂ ಎಂದು ಇಟ್ಟುಕೊಂಡರೆ, ಅರ್ಧ ಮಿಲಿಗ್ರಾಂ ಎಂಬುದು ನಲವತ್ತು ಲೀಟರ್ ನೀರಿಗೆ ಒಂದು ಕಾಳಿನ ಲೆಕ್ಕವಾಯಿತು. ಆಕೆ ಮೀನಿನ ಮೆದುಳು, ಯಕೃತ್ತು, ಕಿವಿರುಗಳನ್ನು ಪರೀಕ್ಷಿಸಿದಾಗ ಮೆದುಳಿನ ಕೊಬ್ಬಿನಲ್ಲಿ ಕೆಡುಕಿನ ಗುರುತು ಕಂಡಿತು. ಹಳೆಯ ಎಣ್ಣೆ ಗಾಳಿಗೆ ಕಮಟು ಹಿಡಿಯುತ್ತದಲ್ಲ, ಜೀವಕೋಶದ ಪೊರೆಯ ಕೊಬ್ಬಿಗೂ ಆಮ್ಲಜನಕದ ಕಾಟದಿಂದ ಅಂಥದೇ ಗತಿ ಬಂದಿತ್ತು. ಮೂಗಿನಿಂದ ಮೆದುಳಿಗೆ ಹೋಗುವ ನರದ ದಾರಿಯಲ್ಲಿ ಈ ಕಣಗಳು ಹೊಕ್ಕಿರಬಹುದೆಂದು ಆಕೆಯ ಊಹೆ. ಆಕೆಯ ತಂದೆ ಗುಂಟರ್ ಓಬರ್‌ಡಾರ್ಸ್ಟರ್ ಅವರು, ಉಸಿರಿನೊಡನೆ ಹೋದ ಅತಿ ಸೂಕ್ಷ್ಮ ಇಂಗಾಲದ ಕಣಗಳು ಇಲಿಯ ಮೆದುಳಿನ ಮುಂಭಾಗ ಸೇರುವುದನ್ನು ತೋರಿಸಿದ್ದರು.

ಇನ್ನೊಂದು ವಿಚಿತ್ರವನ್ನೂ ಆಕೆ ಬರೆದಿಟ್ಟರು. ಫುಲರೀನ್ ಸೇರಿಸಿದ ತೊಟ್ಟಿಗಳ ನೀರು ಮಿಕ್ಕವುಗಳಿಗಿಂತ ತಿಳಿಯಾಗಿತ್ತು! ನೀರನ್ನು ಮಸುಕು ಮಾಡುವ ಸೂಕ್ಷ್ಮಜೀವಿಗಳು ಸತ್ತಿದ್ದರಿಂದ ಹಾಗಾಗಿರಬಹುದೆಂದು ಊಹಿಸಿದರು. ಕಣ್ಣಿಗೆ ತಿಳಿಯಾಗಿ ಕಂಡ ನೀರೆಲ್ಲ ಒಳ್ಳೆಯ ನೀರಲ್ಲ ಎಂಬುದನ್ನು ಇಲ್ಲಿ ಗಮನಿಸಿ.

ಸುದ್ದಿ ಪತ್ರಿಕೆಗಳಿಗೆ ಮುಟ್ಟಿತು. ಹೊಸ ಇಂಗಾಲದಿಂದ ಮೀನಿನ ಮೆದುಳು ಕೆಡುತ್ತದೆ ಎಂದು ಎಲ್ಲೆಡೆ ಮಾತಾಯಿತು. ಆದರೆ ಈ ಫುಲರೀನ್ ಎಂಬುದು ಎಣ್ಣೆಯಂತೆ ನೀರಿಗೆ ಒಲ್ಲದ ವಸ್ತು. ಅದನ್ನು ನೀರಿನಲ್ಲಿ ಹರಡಬೇಕಾದರೆ ಮೊದಲು ಟೆಟ್ರಾಹೈಡ್ರೋಫ್ಯೂರಾನ್ ಎಂಬ ದ್ರಾವಕದಲ್ಲಿ ಕರಗಿಸಿ, ಅದನ್ನು ನೀರಿಗೆ ಬೆರೆಸಿ, ಆಮೇಲೆ ದ್ರಾವಕವನ್ನು ಆವಿಮಾಡಿ ಹೊರಹಾಕುವುದು ಆಗ ರೂಢಿಯಲ್ಲಿದ್ದ ಕ್ರಮ. ಹೊರಹಾಕಿದೆವೆಂದುಕೊಂಡದ್ದು ಪೂರ್ತಿಯಾಗಿ ಹೋಗಿತ್ತೆ?

ಮನೆಯ ಮಾತಿನಲ್ಲಿ ಹೇಳುತ್ತೇನೆ. ಮಗುವಿಗೆ ಕಹಿ ಮಾತ್ರೆಯನ್ನು ಮೊಸರಿನಲ್ಲಿ ಅರೆದು ಕುಡಿಸಿದಿರಿ. ಮಗು ವಾಂತಿ ಮಾಡಿತು. ಮಾತ್ರೆ ಒಗ್ಗಲಿಲ್ಲ ಎಂದು ವೈದ್ಯರ ಮೇಲೆ ರೇಗುತ್ತೀರಿ. ಮೊಸರೇ ಹಳಸಿದ್ದರೆ? ಇದನ್ನು ತಿಳಿಯಲು ಒಂದೇ ದಾರಿ: ಮಾತ್ರೆಯಿಲ್ಲದ ಅದೇ ಮೊಸರಿನಿಂದ ಏನಾಗುವುದೆಂದು ನೋಡಬೇಕು; ಮೊಸರಿಲ್ಲದೆ ಮಾತ್ರೆಯನ್ನಷ್ಟೇ ಕೊಟ್ಟೂ ನೋಡಬೇಕು. ಮಗುವಿನ ಮೇಲೆ ಹೀಗೆ ಮಾಡಲಾಗದು; ವಿಜ್ಞಾನಿ ಮೀನಿನ ತೊಟ್ಟಿಯಲ್ಲಿ ಮಾಡಬಹುದು, ಮಾಡಲೇಬೇಕು.

ಮಾಡಿದರು. 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಫ್ಯಾಟ್‌ಹೆಡ್ ಮಿನ್ನೊ ಎಂಬ ಸಣ್ಣ ಮೀನುಗಳನ್ನು ಎರಡು ಬಗೆಯ ಫುಲರೀನ್ ನೀರಿನಲ್ಲಿ ಬಿಟ್ಟರು. ಒಂದು ದ್ರಾವಕದ ಮೂಲಕ ತಯಾರಿಸಿದ್ದು. ಇನ್ನೊಂದು ದ್ರಾವಕವನ್ನು ಮುಟ್ಟಿಸದೆ ಬರಿಯ ನೀರಿನಲ್ಲಿ ಬಹುಕಾಲ ಕಲಕಿ ತಯಾರಿಸಿದ್ದು. ಮೊದಲನೆಯದರಲ್ಲಿದ್ದ ಮೀನುಗಳೆಲ್ಲ 6ರಿಂದ 18 ಗಂಟೆಯೊಳಗೆ ಸತ್ತವು. ಎರಡನೆಯದರಲ್ಲಿ 48 ಗಂಟೆಯಾದರೂ ಒಂದೂ ಸಾಯಲಿಲ್ಲ. ಮರುವರ್ಷ, ಅಂದರೆ 2007ರಲ್ಲಿ, ಅಮೆರಿಕದ ಟೆನೆಸಿಯ ಥಿಯೊಡೋರ್ ಹೆನ್ರಿ ಮತ್ತು ಸಂಗಡಿಗರು ಜೀಬ್ರಾ ಮೀನಿನ ಮರಿಗಳ ಮೇಲೆ ಮೂರನೆಯ ಸಾಕ್ಷಿಯನ್ನೂ ಕರೆಸಿದರು: ಫುಲರೀನ್ ಇಲ್ಲವೇ ಇಲ್ಲದ, ದ್ರಾವಕವನ್ನು ಮಾತ್ರ ಬೆರೆಸಿ ಅದೇ ಕ್ರಮದಲ್ಲಿ ಆವಿಮಾಡಿದ ನೀರು. ಆ ನೀರಿನಲ್ಲಿಯೂ ಮರಿಗಳು ಸತ್ತವು. ಬರಿಯ ಫುಲರೀನ್ ನೀರಿನಲ್ಲಿ ಬದುಕಿದವು. ದ್ರಾವಕವು ಒಡೆದು ಹುಟ್ಟಿದ ಗಾಮಾ-ಬ್ಯುಟಿರೋಲ್ಯಾಕ್ಟೋನ್ ಎಂಬ ಇನ್ನೊಂದು ವಸ್ತು ನೀರಿನಲ್ಲಿ ಉಳಿದುಕೊಂಡಿದ್ದುದು ಪತ್ತೆಯಾಯಿತು. ಹಳಸಿದ್ದು ಮೊಸರು!

ಹಾಗೆಂದು ಫುಲರೀನನ್ನು ಪೂರ್ತಿ ನಿರಪರಾಧಿಯೆಂದು ಬಿಟ್ಟುಬಿಡಲೂ ಇಲ್ಲ. ಬರಿಯ ನೀರಿನಲ್ಲಿ ಕಲಕಿದ ಫುಲರೀನಿನಲ್ಲಿದ್ದ ಮಿನ್ನೊ ಮೀನುಗಳ ಕಿವಿರುಗಳಲ್ಲಿ ಕೊಬ್ಬು ಕಮಟಿದ ಗುರುತು ಇದ್ದೇ ಇತ್ತು. ಕೊಲೆಯ ಆರೋಪ ಬಿದ್ದುಹೋಯಿತು. ಸಣ್ಣದೊಂದು ಆರೋಪ ಉಳಿಯಿತು. ಈ ಕಥೆಯಲ್ಲಿ ನನಗೆ ಹೆಚ್ಚು ಮೆಚ್ಚಿಕೆಯಾದ ಸಂಗತಿಯೊಂದಿದೆ: 2006ರ ಆ ಪರೀಕ್ಷೆಯನ್ನು ನಡೆಸಿದವರಲ್ಲಿ ಇವಾ ಓಬರ್‌ಡಾರ್ಸ್ಟರ್ ಅವರೂ ಒಬ್ಬರು. ಮೊದಲು ಗಂಟೆ ಬಾರಿಸಿದ ಕೈಯೇ ಆ ಗಂಟೆಯ ದನಿಯನ್ನು ಮತ್ತೆ ಪರೀಕ್ಷಿಸಿತು. ಮೊದಲ ಗಂಟೆಯಾದರೂ ವ್ಯರ್ಥವೆನ್ನಲಾಗದು. ಅದು ಬಾರಿಸದೆ ಹೋಗಿದ್ದರೆ ಮಿಕ್ಕವರು ಏಳುತ್ತಲೇ ಇರಲಿಲ್ಲ.

ಕಲಿತ ಪಾಠ ಮುಂದಿನವರಿಗೆ ಬಂತು. 2007ರಲ್ಲಿಯೇ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ಸ್ಮಿತ್, ಷಾ ಮತ್ತು ಹ್ಯಾಂಡಿ ಎಂಬವರು ರೇನ್‌ಬೋ ಟ್ರೌಟ್ ಮೀನುಗಳನ್ನು ಒಂಟಿ ಗೋಡೆಯ ನ್ಯಾನೋ ಕೊಳವೆಗಳಿದ್ದ ನೀರಿನಲ್ಲಿ ಹತ್ತು ದಿನದವರೆಗೆ ಇಟ್ಟು ನೋಡಿದರು. ಕೊಳವೆಗಳು ನೀರಿನಲ್ಲಿ ಹರಡಲೆಂದು ಸಾಬೂನಿನ ಜಾತಿಯ ಒಂದು ವಸ್ತುವನ್ನು ಸ್ವಲ್ಪ ಸೇರಿಸಿದ್ದರು. ಆದರೆ ಕೊಳವೆಗಳಿಲ್ಲದೆ ಆ ವಸ್ತುವನ್ನು ಮಾತ್ರ ಸೇರಿಸಿದ ತೊಟ್ಟಿಯನ್ನೂ ಪಕ್ಕದಲ್ಲಿಯೇ ಇಟ್ಟಿದ್ದರು. ಲೀಟರಿಗೆ 0.1ರಿಂದ 0.5 ಮಿಲಿಗ್ರಾಂವರೆಗೆ ಪ್ರಮಾಣ ಏರಿದಂತೆಲ್ಲ ಮೀನುಗಳ ಉಸಿರಾಟ ಜೋರಾಯಿತು. ಕಿವಿರುಗಳು ಲೋಳೆಯನ್ನು ಸುರಿಸಿದವು. ಕಪ್ಪು ಕೊಳವೆಗಳು ಆ ಲೋಳೆಯಲ್ಲಿ ಸಿಕ್ಕಿಕೊಂಡವು. ಕಿವಿರಿನ ಪೊರೆ ಊದಿಕೊಂಡಿತು. ತೊಂದರೆಯ ನಡುವೆ ಮೀನು ನೀರು ಕುಡಿದುದರಿಂದ ಕರುಳಿನಲ್ಲಿಯೂ ಕೊಳವೆಗಳು ಕಂಡವು. ಧೂಳಿನ ರಸ್ತೆಯಲ್ಲಿ ನಡೆದುಬಂದವನು ಕೆಮ್ಮಿ ಕಫ ತೆಗೆಯುವಂತೆ ಮೀನು ತನ್ನ ಕಿವಿರನ್ನು ಕಾಪಾಡಿಕೊಳ್ಳಲು ಹೆಣಗಿತ್ತು. ಇಲ್ಲಿ ದೂರು ಕೊಳವೆಯ ಮೇಲೆಯೇ.

ಅದೇ ವರ್ಷ ಹಾಂಗ್‌ಕಾಂಗಿನ ಸಂಶೋಧಕರು ಪ್ರಕಟಿಸಿದ ಇನ್ನೊಂದು ಪರೀಕ್ಷೆ ಜೀಬ್ರಾ ಮೀನಿನ ಮೊಟ್ಟೆಗಳ ಮೇಲೆ. ಲೀಟರಿಗೆ 120 ಮಿಲಿಗ್ರಾಮಿಗಿಂತ ಹೆಚ್ಚು ಕೊಳವೆ ಇದ್ದಾಗ ಮೊಟ್ಟೆಯೊಡೆದು ಮರಿ ಹೊರಬರುವುದು ತಡವಾಯಿತು. ಆದರೆ 360 ಮಿಲಿಗ್ರಾಂವರೆಗೂ ಭ್ರೂಣದ ಬೆಳವಣಿಗೆ ಕೆಡಲಿಲ್ಲ. ಮೊಟ್ಟೆಯ ಹೊರಪೊರೆಯ ರಂಧ್ರಗಳಲ್ಲಿ ಗಂಟುಗಂಟಾದ ಕೊಳವೆಗಳು ನುಸುಳಲಾರದೆ ಹೋದುದರಿಂದ ಆ ಪೊರೆಯೇ ಭ್ರೂಣಕ್ಕೆ ಕವಚವಾಗಿತ್ತು. ಸಾಮಾನ್ಯವಾದ ಮಸಿಯನ್ನು ಹಾಕಿ ನೋಡಿದಾಗ ತಡವೇ ಆಗಲಿಲ್ಲ. ಹಾಗಾದರೆ ತಡಕ್ಕೆ ಕಾರಣವೇನು? ಕೊಳವೆಗಳನ್ನು ಬೆಳೆಸುವಾಗ ಉಪಯೋಗಿಸಿದ ಕೋಬಾಲ್ಟ್ ಮತ್ತು ನಿಕ್ಕಲ್ ಲೋಹಗಳ ಅಂಶ ಅವುಗಳಲ್ಲಿ ಉಳಿದಿತ್ತು. ಆ ಲೋಹಗಳ ಮೇಲೆ ಅನುಮಾನ ಬಿತ್ತು. ಇಲ್ಲಿಯೂ ಇಂಗಾಲದ ಜೊತೆಗೆ ಬಂದವರ ಪಾತ್ರ ಇದ್ದೇ ಇತ್ತು.

ಇನ್ನೊಂದು ತೊಡಕು ಇದೆ. ಉಪ್ಪಿನಂತೆ ಈ ವಸ್ತು ನೀರಿನಲ್ಲಿ ಒಂದೇ ಸಮನಾಗಿ ಕರಗಿ ನಿಲ್ಲುವುದಿಲ್ಲ. ಒಂದಕ್ಕೊಂದು ಅಂಟಿಕೊಂಡು ಗಂಟಾಗಿ, ಹಿಟ್ಟಿನ ಗಂಟಿನಂತೆ ತಳ ಸೇರುತ್ತದೆ. ಬೆಳಗ್ಗೆ ಲೀಟರಿಗೆ ಒಂದು ಮಿಲಿಗ್ರಾಂ ಹಾಕಿದೆವು ಎಂದು ಬರೆದುಕೊಂಡರೆ, ಸಂಜೆ ಮೀನು ಈಜುವಲ್ಲಿ ಅಷ್ಟು ಇದೆಯೆಂದು ಹೇಳುವುದು ಹೇಗೆ? ಆದ್ದರಿಂದ ನ್ಯಾನೋ ವಸ್ತುಗಳನ್ನು ನೀರಿನ ಜೀವಿಗಳ ಮೇಲೆ ಪರೀಕ್ಷಿಸುವವರು ಹಾಕಿದ್ದೆಷ್ಟು ಎಂಬುದರ ಜೊತೆಗೆ ನೀರಿನಲ್ಲಿ ನಿಂತದ್ದೆಷ್ಟು, ಕಣಗಳ ಗಾತ್ರ ಹೇಗೆ ಬದಲಾಯಿತು ಎಂಬುದನ್ನೂ ಅಳೆಯಬೇಕೆಂದು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ 2020ರಲ್ಲಿ ಪ್ರತ್ಯೇಕ ಮಾರ್ಗದರ್ಶಿಯನ್ನೇ ಹೊರಡಿಸಿತು.

ಪ್ರಯೋಗದ ತೊಟ್ಟಿಗೂ ಹೊಳೆಗೂ ಇರುವ ಅಂತರವನ್ನೂ ಮರೆಯಬಾರದು. ತೊಟ್ಟಿಯಲ್ಲಿ ಮಿಲಿಗ್ರಾಂಗಳ ಲೆಕ್ಕ. ಹೊಳೆಯ ನೀರಿನಲ್ಲಿ ಇರಬಹುದಾದ ಕೊಳವೆಗಳನ್ನು ಗಣಿತದಿಂದ ಅಂದಾಜು ಮಾಡಿದವರು ಹೇಳುವುದು ಅದಕ್ಕಿಂತ ಲಕ್ಷ ಪಟ್ಟಿಗೂ ಕಡಿಮೆಯಾದ ಪ್ರಮಾಣವನ್ನು. ಇದು ಸಮಾಧಾನದ ಮಾತು. ಆದರೆ ಈ ವಸ್ತು ಬೇಗ ಕೊಳೆತುಹೋಗುವಂಥದಲ್ಲ. ತಳದ ಕೆಸರಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗಬಹುದು. ಕೆಸರು ಕೆದಕಿ ತಿನ್ನುವ ಮೀನುಗಳೂ ಉಂಟು. ನಾಲ್ಕು ದಿನದ ಪರೀಕ್ಷೆ ನಾಲ್ಕು ದಿನದ ಪ್ರಶ್ನೆಗೆ ಉತ್ತರ ಕೊಡುತ್ತದೆ. ನಲವತ್ತು ವರ್ಷದ ಪ್ರಶ್ನೆಗೆ ಬೇರೆ ಪರೀಕ್ಷೆ ಬೇಕು.

ಇಷ್ಟು ಓದುವಾಗ ನಿಮ್ಮಲ್ಲಿ ಕೆಲವರ ಮನಸ್ಸು ನೊಂದಿರಬಹುದು. ನಮ್ಮ ಅನುಕೂಲಕ್ಕಾಗಿ ಆ ಮೂಕ ಪ್ರಾಣಿಗಳು ಏಕೆ ಸಾಯಬೇಕು? ನ್ಯಾಯವಾದ ಪ್ರಶ್ನೆ. ಇದನ್ನು ವಿಜ್ಞಾನಿಗಳೂ ಕೇಳಿಕೊಂಡಿದ್ದಾರೆ. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬಿಬ್ಬರು ಮೂರು ಸೂತ್ರಗಳನ್ನು ಹೇಳಿದರು. ಸಾಧ್ಯವಾದರೆ ಪ್ರಾಣಿಯ ಬದಲು ಬೇರೆ ವಿಧಾನವನ್ನು ಹುಡುಕು. ಸಾಧ್ಯವಾಗದಿದ್ದರೆ ಪ್ರಾಣಿಗಳ ಸಂಖ್ಯೆ ಕಡಿಮೆ ಮಾಡು. ಇರುವಷ್ಟಕ್ಕಾದರೂ ನೋವು ಕಡಿಮೆ ಮಾಡು. ನಮ್ಮ ದೇಶದಲ್ಲಿಯೂ ಪ್ರಾಣಿಹಿಂಸೆಯನ್ನು ತಡೆಯುವ ಕಾನೂನು 1960ರಲ್ಲಿ ಬಂತು. ಪ್ರಯೋಗಗಳ ಮೇಲೆ ಕಣ್ಣಿಡುವ ಏರ್ಪಾಟು ಅದರಲ್ಲಿದೆ.

ಈ ಸೂತ್ರಗಳ ಫಲವಾಗಿ 2013ರಲ್ಲಿ ಬೆಳೆದ ಮೀನಿನ ಬದಲು ಮೀನಿನ ಮೊಟ್ಟೆಯನ್ನು ಉಪಯೋಗಿಸುವ ಕ್ರಮವನ್ನು ಅಂತರರಾಷ್ಟ್ರೀಯವಾಗಿ ಒಪ್ಪಿದರು. ಜೀಬ್ರಾ ಮೀನಿನ ಮೊಟ್ಟೆ ಗಾಜಿನಂತೆ ಪಾರದರ್ಶಕ. ಪ್ರತಿಯೊಂದು ಪ್ರಮಾಣಕ್ಕೂ ಇಪ್ಪತ್ತು ಮೊಟ್ಟೆಗಳು; 96 ಗಂಟೆಯ ಕಾಲ ದಿನಕ್ಕೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಗಮನಿಸುವುದು ನಾಲ್ಕು ಗುರುತುಗಳನ್ನು: ಮೊಟ್ಟೆ ಹೆಪ್ಪುಗಟ್ಟಿತೆ? ಬೆನ್ನಿನ ಉದ್ದಕ್ಕೂ ಬರಬೇಕಾದ ಖಂಡಗಳು ಮೂಡಿದವೆ? ಬಾಲ ಹಳದಿಯ ಭಾಗದಿಂದ ಬಿಡಿಸಿಕೊಂಡಿತೆ? ಹೃದಯ ಬಡಿಯುತ್ತಿದೆಯೆ? ತಾಯಿಯಾದ ಯಾರೇ ಆದರೂ ಈ ಕೊನೆಯ ಪ್ರಶ್ನೆಯ ಮುಂದೆ ಒಂದು ಕ್ಷಣ ನಿಂತಾರು.

ಈ ಜೀಬ್ರಾ ಮೀನು ಪರದೇಶದ್ದೆಂದು ತಿಳಿಯಬೇಡಿ. ಬೆರಳುದ್ದವೂ ಇಲ್ಲದ, ಮೈಮೇಲೆ ನೀಲಿ ಗೆರೆಗಳಿರುವ ಈ ಮೀನು ನಮ್ಮ ದೇಶದ ತೊರೆಗಳ, ಗದ್ದೆಗಳ ಮೀನು. ಇದಕ್ಕೆ ಶಾಸ್ತ್ರೀಯವಾಗಿ ಹೆಸರಿಟ್ಟು 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಆ ಹೆಸರು ನಿಮಗೆ ಹೊಸದೆನಿಸಿದರೆ, ಅವನ ಮೊದಲಿನ ಹೆಸರನ್ನು ಹೇಳುತ್ತೇನೆ: ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ನಮ್ಮ ಬೆಳೆ, ಕೆರೆ, ಕಸಬುಗಳನ್ನೂ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನೂ ಕಂಡು ಬರೆದಿಟ್ಟ ವೈದ್ಯ ಅವನೇ. ನ್ಯಾನೋ ಕೊಳವೆಯೊಡನೆ ನಂಟಿರುವ ಉಕ್ಕನ್ನೂ, ಅದನ್ನು ಪರೀಕ್ಷಿಸಲು ಮುಂದೆ ಒದಗಿಬರಲಿದ್ದ ಮೀನನ್ನೂ ಬರೆದಿಟ್ಟದ್ದು ಒಂದೇ ಕೈ. ಎರಡು ಶತಮಾನಗಳ ಮೇಲೆ ಇವೆರಡೂ ಒಂದೇ ತೊಟ್ಟಿಯಲ್ಲಿ ಸೇರಿಯಾವೆಂದು ಅವನು ಕನಸಿನಲ್ಲಿಯೂ ಎಣಿಸಿರಲಾರ.

ಈ ಪುಟ್ಟ ಮೀನಿನ ವಂಶವಾಹಿಗಳ ಪೂರ್ತಿ ಪಟ್ಟಿ 2013ರಲ್ಲಿ ಪ್ರಕಟವಾದಾಗ, ಮನುಷ್ಯನ ವಂಶವಾಹಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಇದರಲ್ಲಿ ಜೋಡಿ ಇರುವುದು ಕಂಡುಬಂತು. ಮೀನಿಗೆ ಆದದ್ದು ಮೀನಿಗಾಯಿತು, ನಮಗೇನು ಎಂದು ಕೈತೊಳೆದುಕೊಳ್ಳುವಷ್ಟು ದೂರದ ನಂಟಲ್ಲ.

ಹಾಗಾದರೆ ನಾವು ಮನೆಯಲ್ಲಿ ಕುಳಿತವರು ಮಾಡಬಹುದಾದದ್ದೇನು? ಪ್ರಯೋಗ ಮಾಡಲಾರೆವು, ಆದರೆ ಸರಿಯಾದ ಪ್ರಶ್ನೆ ಕೇಳಬಲ್ಲೆವು. ಇಂಥ ವಸ್ತು ವಿಷವೆಂದು ನಾಳೆ ಪತ್ರಿಕೆಯಲ್ಲಿ ಓದಿದರೆ ಗಾಬರಿಯಾಗುವ ಮೊದಲು ಕೇಳಿ: ಎಷ್ಟು ಪ್ರಮಾಣದಲ್ಲಿ? ಎಷ್ಟು ದಿನ? ಅದರ ಜೊತೆ ನೀರಿನಲ್ಲಿ ಬೇರೆ ಏನಿತ್ತು? ಆ ಬೇರೆಯದನ್ನು ಮಾತ್ರ ಹಾಕಿದ ತೊಟ್ಟಿ ಪಕ್ಕದಲ್ಲಿತ್ತೆ? ಬೇರೊಬ್ಬರು ಮಾಡಿ ನೋಡಿದಾಗಲೂ ಹಾಗೆಯೇ ಆಯಿತೆ? ಇಂಥ ವಸ್ತು ನಿರಪಾಯವೆಂದು ಮಾರುವವನು ಹೇಳಿದರೂ ಇದೇ ಐದು ಪ್ರಶ್ನೆಗಳನ್ನು ಬಿಡದೆ ಕೇಳಿ. ಹೆದರಿಸುವವನಿಗೊಂದು ನ್ಯಾಯ, ಮಾರುವವನಿಗೊಂದು ನ್ಯಾಯ ಬೇಡ.

ಬಾವಿಯ ಕಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದ ನಮ್ಮ ಹಿರಿಯರು ಮೀನು ಸತ್ತಿದ್ದನ್ನು ಕಂಡಾಗ ನೀರೇ ಕೆಟ್ಟಿತೆಂದು ಕೂಡಲೇ ತೀರ್ಮಾನಿಸುತ್ತಿರಲಿಲ್ಲ. ನಿನ್ನೆ ಯಾರಾದರೂ ಸುಣ್ಣದ ಗಡಿಗೆ ತೊಳೆದರೆ? ಮರದಿಂದ ಏನಾದರೂ ಬಿತ್ತೆ? ಎಂದು ವಿಚಾರಿಸುತ್ತಿದ್ದರು. ವಿಚಾರಿಸಿ ತಿಳಿಯುವವರೆಗೆ ಆ ನೀರನ್ನು ಕುಡಿಯುತ್ತಲೂ ಇರಲಿಲ್ಲ. ಈ ಎರಡು ಗುಣಗಳೂ ನಮಗೆ ಬೇಕು. ಇಂದು ನಮ್ಮ ಬಾವಿ ಬಹಳ ದೊಡ್ಡದು. ಹೊಳೆ, ಕೆರೆ, ಕಡಲುಗಳೆಲ್ಲ ಸೇರಿ ಒಂದೇ ಬಾವಿ. ಅದಕ್ಕೆ ಬೀಳುವ ಹೊಸ ವಸ್ತುಗಳೂ ಬಹಳ. ಹಗ್ಗ ಇಳಿಸುವ ಮೊದಲು ಬಗ್ಗಿ ನೋಡುವ ಅಭ್ಯಾಸವನ್ನು ಬಿಡದಿರೋಣ.